ಮೌಸ್ ಅಲ್ಲಾಡಿಸುತ್ತಾರೆ, ಬಟನ್ ಒತ್ತುವುದಿಲ್ಲ

ಬೆಳಗಿನ ಐದೂವರೆ. ಗ್ರಂಥಾಲಯದ ಹಿಂಬಾಗಿಲಿನ ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಕೀಲಿ ಅಕ್ಕ ಮೊದಲು ದೀಪ ಹಾಕುತ್ತಾರೆ. ಆಮೇಲೆ ಫ್ಯಾನು, ಆಮೇಲೆ ಒಂದೊಂದಾಗಿ ಆರು ಕಂಪ್ಯೂಟರು. ಆರನೆಯದಕ್ಕೆ ಸ್ವಲ್ಪ ಮುನಿಸು. ಬೆನ್ನಿಗೊಂದು ಸಣ್ಣ ಏಟು ಬಿದ್ದ ಮೇಲೇ ಕಣ್ಣು ಬಿಡುವುದು. ಅಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿರುತ್ತಾರೆ: ಆಸ್ಪತ್ರೆಯ ಆಯಾ, ಬೇಕರಿಯ ಒಲೆ ನೋಡಿಕೊಳ್ಳುವವರು, ಬಸ್ಸು ತೊಳೆಯುವವರು, ಗೋದಾಮಿನ ಕಾವಲುಗಾರ. ಎಲ್ಲರೂ ರಾತ್ರಿ ಪಾಳಿ ಮುಗಿಸಿ ಬಂದವರು, ಎಲ್ಲರ ಕಣ್ಣೂ ಕೆಂಪು.

ಇವರೆಲ್ಲ ಬರುವುದು ಓದುವುದಕ್ಕೆ. ದೊಡ್ಡವರಿಗೆಂದೇ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಕಿರು ಕೋರ್ಸುಗಳು: ಪ್ರಥಮ ಚಿಕಿತ್ಸೆ, ಮನೆಯ ವೈರಿಂಗು, ಜೇನು ಸಾಕಣೆ, ಬಾಡಿಗೆ ಕಾನೂನು. ನಾಲ್ಕು ವಾರದ್ದೋ ಆರು ವಾರದ್ದೋ ಇರುತ್ತವೆ. ಬೇಕರಿಯವರು ಕಲಿಯುತ್ತಿರುವುದು ನಕ್ಷತ್ರಗಳ ಬಗ್ಗೆ. ಯಾಕೆಂದು ಕೇಳಿದರೆ, "ಒಲೆ ಮುಂದೆ ನಿಂತೂ ನಿಂತೂ ಮೇಲೆ ನೋಡೋದೇ ಮರೆತುಹೋಗಿತ್ತು" ಎನ್ನುತ್ತಾರೆ. ಇವರ ಬಗ್ಗೆ ಬರೆಯಲೆಂದು ಮೂರು ಬೆಳಗ್ಗೆ ಇಲ್ಲಿಗೆ ಬಂದಿದ್ದ ನಾನು, ಮನೆಯಲ್ಲೇ ಕಲಿಯಬಹುದಲ್ಲ ಎಂದೆ. ಮನೆಯಲ್ಲಿರುವುದು ಒಂದೇ ಫೋನು, ಅದಕ್ಕೆ ಐದು ಜನ ವಾರಸುದಾರರು.

ಕೀಲಿ ಅಕ್ಕನ ಹುದ್ದೆ ಕಸ ಗುಡಿಸುವುದು. ವಯಸ್ಸು ಐವತ್ತೆರಡು, ಈ ಕಟ್ಟಡದಲ್ಲಿ ಹತ್ತೊಂಬತ್ತು ವರ್ಷ, ಓದಿದ್ದು ಏಳನೇ ತರಗತಿ. ನಾಲ್ಕು ವರ್ಷದ ಹಿಂದೆ ಈ ಆಯಾ ಹಿಂಬಾಗಿಲಲ್ಲಿ ಬಂದು, "ಹತ್ತು ನಿಮಿಷ ಕಂಪ್ಯೂಟರ್ ಕೊಡ್ತೀರಾ ಅಕ್ಕ?" ಎಂದು ಕೇಳಿದರು. ಅಕ್ಕ ಗ್ರಂಥಾಲಯದ ಮುಖ್ಯಸ್ಥರನ್ನು ಕೇಳಿದರು. "ಜವಾಬ್ದಾರಿ ನಿಮ್ಮದಾದರೆ ನನ್ನ ಅಡ್ಡಿಯಿಲ್ಲ" ಎಂದು ಅವರು ಕೈ ತೊಳೆದುಕೊಂಡರು. ಅಂದಿನಿಂದ ಅಕ್ಕ ನಾಲ್ಕಕ್ಕೇ ಎದ್ದು, ಊದಿದ ಮಂಡಿಯಲ್ಲಿ ಎರಡು ಕಿಲೋಮೀಟರು ನಡೆದು ಬರುತ್ತಿದ್ದಾರೆ. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಗಂಡ, "ನಮ್ಮ ವಿಶ್ವವಿದ್ಯಾಲಯಕ್ಕೆ ಪೊರಕೆಯೇ ಕುಲಪತಿ" ಎಂದು ಕಾಲೆಳೆಯುತ್ತಾರಂತೆ.

ಕುಲಪತಿಗಳ ನಿಜವಾದ ಕೆಲಸ ನಿದ್ದೆಗೆ ಸಂಬಂಧಿಸಿದ್ದು. ಹದಿನೈದು ನಿಮಿಷ ಯಾರೂ ಮುಟ್ಟದಿದ್ದರೆ ಪಾಠ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಆಮೇಲೆ ಅದನ್ನು ಮೊದಲಿಂದ ಶುರು ಮಾಡಬೇಕು. ರಾತ್ರಿಯೆಲ್ಲ ಕಣ್ಣುಬಿಟ್ಟವರಿಗೆ ಆರು ಗಂಟೆಗೆ ತೂಕಡಿಕೆ ಬರದೆ ಇನ್ನೇನು ಬಂದೀತು? ಆದ್ದರಿಂದ ಅಕ್ಕ ಗುಡಿಸುತ್ತ ಸುತ್ತು ಹಾಕುವಾಗ, ತಲೆ ವಾಲಿಸಿದವರ ಮೌಸನ್ನು ಒಮ್ಮೆ ಅಲ್ಲಾಡಿಸಿ ಮುಂದೆ ಹೋಗುತ್ತಾರೆ. ಒಂದು ಬೆಳಗ್ಗೆ ಹೀಗೆ ಹದಿನೆಂಟು ಸಲ ಅಲ್ಲಾಡಿಸಿದ್ದನ್ನು ನಾನು ಎಣಿಸಿದೆ. ಬಟನ್ ಮಾತ್ರ ಒಮ್ಮೆಯೂ ಒತ್ತಲಿಲ್ಲ.

"ಮೊದಮೊದಲು ಒತ್ತಿದ್ದೆ" ಎಂದು ಅವರೇ ಒಪ್ಪಿಕೊಳ್ಳುತ್ತಾರೆ. "ಆಯಮ್ಮ ಪಾಪ ಗೊರಕೆ ಹೊಡೀತಿದ್ಲು. ಪಾಠ ಮುಗಿದಿತ್ತು, ಮುಂದಿಂದು ಒತ್ತಿಬಿಟ್ಟೆ. ಅದರ ಮುಂದಿಂದೂ ಒತ್ತಿದೆ. ಎದ್ದವಳು, 'ಗಂಟಲಿಗೆ ತುತ್ತು ಸಿಕ್ಕಿದ್ರೆ ಏನ್ ಮಾಡ್ಬೇಕು ಅನ್ನೋ ಪಾಠ ನಾನು ನೋಡೇ ಇಲ್ವಲ್ಲ, ಹೆಂಗೆ ಮುಗೀತು ಅಕ್ಕ?' ಅಂದ್ಲು. ಅವಳು ವಾರ್ಡಲ್ಲಿ ಊಟ ಮಾಡಿಸೋಳು!" ಅವತ್ತೇ ಪಕ್ಕದಲ್ಲಿ ಕೂರಿಸಿಕೊಂಡು ಎರಡೂ ಪಾಠ ತೋರಿಸಿದರಂತೆ.

ಬಾಗಿಲ ಹಿಂದೆ ಒಂದು ಹಳೆಯ ಕ್ಯಾಲೆಂಡರು. ಅದರ ಮೇಲೆ ಅಕ್ಕ ಬರೆದಿಟ್ಟ ಲೆಕ್ಕದಂತೆ ಈ ವರ್ಷ ಕೋರ್ಸು ಶುರು ಮಾಡಿದವರು ಅರವತ್ತೊಂದು, ಮುಗಿಸಿದವರು ಒಂಬತ್ತು. ಈ ಒಂಬತ್ತರಿಂದಲೇ ಕೋಣೆಯ ಮೇಲೆ ಕತ್ತಿ ತೂಗುತ್ತಿತ್ತು. ಕನಿಷ್ಠ ಹತ್ತು ಜನವಾದರೂ ಮುಗಿಸದಿದ್ದರೆ ಬೆಳಗಿನ ಹೊತ್ತು ಕೋಣೆ ಮುಚ್ಚುವುದಾಗಿ ಮುಖ್ಯಸ್ಥರು ಹೇಳಿದ್ದರು. ನಾನು ಹೋದ ಎರಡನೆಯ ದಿನವೇ ಆ ಗಡುವಿನ ಕೊನೆಯ ದಿನ. ಅಂದು ಮುಗಿಸುವ ಹಂತದಲ್ಲಿ ಉಳಿದಿದ್ದು ಕಾವಲುಗಾರ ಒಬ್ಬರೇ. ವೈರಿಂಗು ಕಲಿತರೆ ಹಗಲು ಕೆಲಸ ಸಿಗುತ್ತದೆ ಎಂಬುದು ಅವರ ಆಸೆ. "ನನ್ನ ಮಕ್ಕಳನ್ನ ಎಚ್ಚರ ಇರುವಾಗ ನೋಡ್ಬೇಕು ಸರ್, ಅಷ್ಟೇ" ಎಂದಿದ್ದರು. ಇಪ್ಪತ್ತು ಪ್ರಶ್ನೆ, ಹದಿನಾರು ಸರಿಯಾದರೆ ಪಾಸು, ಏಳಕ್ಕೆ ಪರೀಕ್ಷೆ ಮುಚ್ಚುತ್ತದೆ.

ಆರು ನಲವತ್ತೈದಕ್ಕೆ ನೋಡಿದರೆ ಹತ್ತೊಂಬತ್ತು ಉತ್ತರ ಕೊಟ್ಟ ಕಾವಲುಗಾರ ಕೀಬೋರ್ಡಿನ ಪಕ್ಕ ಕೆನ್ನೆಯಿಟ್ಟು ಮಲಗಿದ್ದಾರೆ. ಇಪ್ಪತ್ತನೆಯ ಪ್ರಶ್ನೆ ತೆರೆಯ ಮೇಲಿದೆ. ಅದರ ಉತ್ತರ ನನಗೆ ಗೊತ್ತಿತ್ತು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ನನ್ನ ಕೈ ಮೌಸಿನ ಕಡೆ ಹೋಯಿತು. ಪೊರಕೆಯ ಹಿಡಿ ಅಡ್ಡ ಬಂತು.

"ಕೈ ತೆಗೀರಿ" ಎಂದರು ಅಕ್ಕ. "ನಾಳೆ ಇವನು ಯಾರದೋ ಮನೆ ತಂತಿ ಮುಟ್ಟೋನು. ನೀವು ಒತ್ತಿದ ಉತ್ತರ ಅಲ್ಲಿ ಇವನ ಜೀವ ಕಾಯುತ್ತಾ?"

ಮಲಗಿದ್ದವರ ಹೆಗಲು ಅಲುಗಿಸಿದರು, "ತಮ್ಮಾ" ಎಂದು ಕೂಗಿದರು. ಉಹೂಂ. ಕೊನೆಗೆ ಫ್ಯಾನು ಆರಿಸಿದರು. ಸೆಕೆಗೆ ಬೆವೆತು ಕಾವಲುಗಾರ ಎದ್ದು ಕೂತಾಗ ಮೂರು ನಿಮಿಷ ಬಾಕಿಯಿತ್ತು. ತುಟಿ ಅಲುಗಿಸುತ್ತ ಪ್ರಶ್ನೆಯನ್ನು ಎರಡು ಸಲ ಓದಿದರು, ಒತ್ತಿದರು. ತಪ್ಪು. ಒಟ್ಟು ಹದಿನೈದು.

ಕಾವಲುಗಾರ ಮುಖ ಒರೆಸಿಕೊಂಡು, "ನಿಮ್ಮ ಕೋಣೆ ಹಾಳು ಮಾಡ್ದೆ ಅಕ್ಕ" ಎಂದರು. "ಕೋಣೆ ಇರ್ಲಿ, ಆ ಪ್ರಶ್ನೆ ಯಾಕೆ ತಪ್ಪಾಯ್ತು ನೋಡು" ಎಂದು ಅಕ್ಕ ಮತ್ತೆ ಫ್ಯಾನು ಹಾಕಿದರು.

ಒಂಬತ್ತಕ್ಕೆ ಬಂದ ಮುಖ್ಯಸ್ಥರಿಗೆ ಅಕ್ಕ ಕ್ಯಾಲೆಂಡರ್ ತೋರಿಸಿ, "ಒಂಬತ್ತೇ ಸರ್" ಎಂದರು. ನಡೆದದ್ದನ್ನು ನಾನು ಹೇಳಿದೆ. ಅವರು ಕನ್ನಡಕ ತೆಗೆದು, "ನೀವೇ ಒಂದು ಒತ್ತಿಬಿಟ್ಟಿದ್ರೆ ಹತ್ತಾಗ್ತಿತ್ತಲ್ಲಮ್ಮ. ಯಾರು ಕೇಳ್ತಿದ್ರು?" ಎಂದರು.

"ಹತ್ತಾಗ್ತಿತ್ತು ಸರ್. ಆಮೇಲೆ ಆ ಒಂಬತ್ತನ್ನೂ ನಾನೇ ನಂಬ್ತಿರಲಿಲ್ಲ."

ಮುಖ್ಯಸ್ಥರು ಮತ್ತೆ ಕನ್ನಡಕ ಹಾಕಿಕೊಂಡು, ನಿಜವಾದ ಒಂಬತ್ತೇ ಸಾಕು, ಇನ್ನೊಂದು ವರ್ಷ ಕೋಣೆ ಹೀಗೇ ನಡೆಯಲಿ ಎಂದರು. ಕಾವಲುಗಾರ ಮರುದಿನವೇ ಮೊದಲ ಪಾಠಕ್ಕೆ ಕೂತಿದ್ದಾರೆ. ಪುಕ್ಕಟೆ ಕೋರ್ಸಿಗೆ ಮತ್ತೆ ಸೇರಲು ಯಾರ ಕಾಲೂ ಹಿಡಿಯಬೇಕಿಲ್ಲ.

ಹೊರಡುವಾಗ, ನಿಮಗೇನು ಬೇಕು ಎಂದು ಅಕ್ಕನನ್ನು ಕೇಳುತ್ತೇನೆ. ಹೊಸ ಕಂಪ್ಯೂಟರು, ಸಂಬಳ, ಸನ್ಮಾನ, ಏನಾದರೂ ಹೇಳಿಯಾರು ಎಂದುಕೊಳ್ಳುತ್ತೇನೆ. ಅಕ್ಕ ಕೋಣೆಯ ಮೂಲೆಯನ್ನು ಪೊರಕೆಯಿಂದ ತೋರಿಸುತ್ತಾರೆ.

"ಅಲ್ಲಿ ಎರಡು ಚಾಪೆ ಹಾಕೋಕೆ ಬಿಟ್ರೆ ಸಾಕು. ಬಂದ ತಕ್ಷಣ ಒಂದರ್ಧ ಗಂಟೆ ಮಲಗಲಿ ಪಾಪ, ಆಮೇಲೆ ಓದಲಿ. ಎಬ್ಬಿಸೋಕೆ ನಾನಿದ್ದೀನಿ."