ಹುಡುಕಿದರೆ ಮೊದಲು ಕಾಣುವ ದವಾಖಾನೆ

ಕೋವಿಡ್ ಹಾವಳಿ ಮುಗಿದ ಮರುವರ್ಷದ ಮುಂಗಾರು. ಆಗ ನಾನು ಅಣ್ಣಿಗೇರಿಯ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತು ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ನವಲಗುಂದದ ಬೀಜದ ಅಂಗಡಿ, ಕಲಘಟಗಿಯ ಮದುವೆ ಹಾಲ್, ಯಾರು ಕರೆದರೂ ಹೋಗುತ್ತಿದ್ದೆ. ಈ ಕಸುಬಿನಲ್ಲಿ ಎರಡು ಭಾಗಗಳಿವೆ. ಫೋನಿನಲ್ಲಿ ಹುಡುಕಿದವರಿಗೆ ನಮ್ಮ ಪುಟ ಮೊದಲು ಕಾಣುವಂತೆ ಮಾಡುವುದು ಎಸ್‌ಇಒ. ಪುಟ ತೆರೆದವರಿಗೆ ಬೇಕಾದದ್ದು ತಡಕಾಡದೆ ಸಿಗುವಂತೆ ಮಾಡುವುದು ಯುಎಕ್ಸ್. ಮೊದಲನೆಯದನ್ನು ಎಲ್ಲರೂ ಕೇಳಿ ಮಾಡಿಸಿಕೊಳ್ಳುತ್ತಾರೆ. ಎರಡನೆಯದರ ಮಾತೆತ್ತಿದರೆ "ಬಣ್ಣ ಛಲೋ ಇರ್ಲಿ" ಅಂದು ಎದ್ದು ಹೋಗುತ್ತಾರೆ.

ಒಂದು ಬೆಳಿಗ್ಗೆ ಕುಂದಗೋಳ ತಾಲ್ಲೂಕಿನ ಖಾಸಗಿ ದವಾಖಾನೆಯೊಂದರ ಡಾಕ್ಟರ್ ಶಾರದಾ ಫೋನ್ ಮಾಡಿದರು.

"ನಮ್ಮ ವೆಬ್‌ಸೈಟ್ ತಗದ ಬಿಡ್ರಿ. ಅದನ್ನ ನಂಬಿ ಒಬ್ಬಾಕಿ ಜೀವಾ ಹೋತು."

ಆ ವೆಬ್‌ಸೈಟ್ ಬೇರೆ ಊರಿನ ಕಂಪನಿಯೊಂದು ಮಾಡಿಕೊಟ್ಟದ್ದು; ಹತ್ತಿರದವನೆಂದು ನನ್ನನ್ನು ಕರೆದಿದ್ದರು. ಹಾವು ಕಡಿತಕ್ಕೆ ಚಿಕಿತ್ಸೆ ಎಲ್ಲಿ ಎಂದು ಸುತ್ತಲಿನ ಹಳ್ಳಿಗಳಲ್ಲಿ ಯಾರು ಹುಡುಕಿದರೂ ಅದೇ ಮೊದಲು ಬರುತ್ತಿತ್ತು. ನಮ್ಮ ಕಡೆ ಕಡಿಸಿಕೊಂಡವರ ಎದುರಿಗೆ ಹಾವಿನ ಹೆಸರೆತ್ತುವುದಿಲ್ಲ, "ಹುಳ ಮುಟ್ಟೈತಿ" ಅನ್ನುತ್ತಾರೆ. ಕಂಪನಿಯವರು ಆ ಮಾತನ್ನೂ ಬಿಡದೆ ಪುಟದಲ್ಲಿ ಸೇರಿಸಿದ್ದರು. ಕೆಲಸ ಬಲ್ಲವರೇ, ಒಪ್ಪಬೇಕು. ಆದರೆ ವಿಷ ಇಳಿಸುವ ಇಂಜೆಕ್ಷನ್ ಆ ದವಾಖಾನೆಯಲ್ಲಿ ಎಲ್ಲ ದಿನವೂ ಇರುತ್ತಿರಲಿಲ್ಲ. ಅದನ್ನು ಪುಟದಲ್ಲಿ ಎಲ್ಲೂ ಹೇಳಿರಲಿಲ್ಲ. ಫೋನ್ ನಂಬರಂತೂ ಉದ್ದನೆಯ ಲೇಖನದ ತಳಕ್ಕೆ ಬಿದ್ದಿತ್ತು.

ಡಾಕ್ಟರ ಜೊತೆ ನಾನು ಆಕೆಯ ಊರು ಸಂಶಿಗೆ ಹೋದೆ. ತೀರಿಕೊಂಡ ನೀಲವ್ವನ ಗಂಡ ಕೆಂಚಪ್ಪ ಕುರಿ ಕಾಯುವವನು, ಸ್ವಲ್ಪ ಹೊಲವೂ ಇತ್ತು. ನಮ್ಮನ್ನು ಕಂಡು ಸಿಟ್ಟಾಗಲಿಲ್ಲ, ಕಂಬಳಿ ಹಾಸಿ ಕೂರಿಸಿದ.

"ಶೇಂಗಾ ಹೊಲದಾಗ ಕಳೆ ತಗೀತಿದ್ಲರಿ. ಹುಳ ಮುಟ್ಟೈತಿ, ಯಾವ ದವಾಖಾನಿಗೆ ಹೋಗಬೇಕು ಅಂತ ಫೋನಿಗೆ ಕೇಳಿದೆ. ನಿಮ್ಮದ ಮೊದಲ ಬಂತು. ಮೊದಲ ಬಂದದ್ದ ಎಲ್ಲಾರಕಿಂತ ಛಲೋ ಇರ್ತೈತಿ ಅಂತ ತಿಳಕೊಂಡೆ. ಸರಕಾರಿ ದವಾಖಾನಿ ದಾರ್ಯಾಗ ಇತ್ರಿ. ಟಂಟಂ ಗಾಡಿ ನಿಲ್ಲಸಲಿಲ್ಲ."

ದಾರಿಯಲ್ಲಿ ಬಿಟ್ಟುಬಂದ ಆ ಸರಕಾರಿ ದವಾಖಾನೆಯಲ್ಲಿ ಇಂಜೆಕ್ಷನ್ ಇತ್ತು, ಇವರಲ್ಲಿ ಅವತ್ತು ಇರಲಿಲ್ಲ. ಗಾಡಿ ತಿರುಗಿಸಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಪುಟದಲ್ಲಿ ಏನೇನು ಕಂಡಿತು ಎಂದು ಕೇಳಿದೆ.

"ಓದಾಕ ಬರ್ತೈತ್ರಿ ನನಗ. ಅವತ್ತ ಒಂದ ಅಕ್ಷರಾನೂ ಕಣ್ಣಿಗೆ ಹತ್ತಲಿಲ್ಲ" ಅಂದ.

ಬರುವಾಗ ನನಗೆ ಯಾರ ಮೇಲೆ ಸಿಟ್ಟು ಬಂದಿತ್ತೋ ಹೇಳಲಾರೆ. ಕಂಪನಿಯ ಮೇಲೆ ಅಂದರೆ ಸುಲಭ. ಆದರೆ ಪುಟ ಮೇಲೆ ಬಂತು ಎಂದು ನಾನೂ ಎಷ್ಟೋ ಕಡೆ ಪೇಡೆ ತಿಂದು ಬಂದವನೇ.

ವೆಬ್‌ಸೈಟ್ ತೆಗೆಯಲು ಕುಳಿತವನು ಹುಡುಕಾಟದಲ್ಲಿ ಅದರ ಕೆಳಗೆ ಏನಿದೆ ಎಂದು ನೋಡಿದೆ. ಎರಡನೆಯದಾಗಿ ಬರುತ್ತಿದ್ದದ್ದು ಬೇರು ಅರೆದು ಕಟ್ಟಿದರೆ ವಿಷ ಇಳಿಯುತ್ತದೆ ಎನ್ನುವ ಪುಟ. ನಾವು ಇಳಿದರೆ ಅದು ಏರುತ್ತದೆ. ಹಾಗಾಗಿ ಡಾಕ್ಟರಿಗೆ ಬೇರೆ ದಾರಿ ಹೇಳಿದೆ. ಮೊದಲ ಸ್ಥಾನ ಬಿಡುವುದು ಬೇಡ. ಲೇಖನ ಕೆಳಗಿರಲಿ. ಎಲ್ಲಕ್ಕಿಂತ ಮೇಲೆ ಒಂದೇ ಸಾಲು: ಇವತ್ತು ಇಂಜೆಕ್ಷನ್ ಇಲ್ಲಿದೆ, ಅಥವಾ ಇಲ್ಲ, ಸರಕಾರಿ ದವಾಖಾನೆಗೆ ಹೋಗಿ. ಬೆಳಿಗ್ಗೆ ನರ್ಸ್ ಫ್ರಿಜ್ ನೋಡಿ ಆ ಸಾಲು ಹಾಕಬೇಕು, ಇದ್ದದ್ದು ತೀರಿದರೆ ಆ ಕೂಡಲೇ ಬದಲಿಸಬೇಕು. ಅದರ ಕೆಳಗೆ ಆಂಬ್ಯುಲೆನ್ಸ್ ಕರೆಯುವ ಗುಂಡಿ.

ದವಾಖಾನೆಯ ವ್ಯವಹಾರ ನೋಡುತ್ತಿದ್ದವರು ಡಾಕ್ಟರ ಕಾಕಾ, ಅರಳೆ ವ್ಯಾಪಾರಿ. ಅವರಿಗೆ ಇದು ಸೇರಲಿಲ್ಲ.

"ಬಾಗಲಕ್ಕ ಬಂದ ಗಿರಾಕಿಗೆ ಬ್ಯಾರೆ ಅಂಗಡಿಗೆ ಹೋಗು ಅನ್ನೂದ ಯಾವ ವ್ಯಾಪಾರ ಬೇ?"

"ಕಾಕಾ, ಅವರು ಗಿರಾಕಿ ಅಲ್ಲರಿ. ನೀಲವ್ವ ನನ್ನ ಕೈ ಹಿಡಕೊಂಡಿದ್ಲು. ನನ್ನ ಹತ್ರ ಕೊಡಾಕ ಏನೂ ಇರಲಿಲ್ಲ" ಅಂದರು ಡಾಕ್ಟರ್. ಕಾಕಾ ನರ್ಸನ್ನು ಕರೆದು, ಇವತ್ತು ಫ್ರಿಜ್‌ನಲ್ಲಿ ಎಷ್ಟಿದೆ ಎಂದು ಕೇಳಿದರು.

ಪುಟಕ್ಕೆ ಬಂದವರು ಕೂಡಲೇ ಹೊರಟುಹೋದರೆ ಪುಟ ಸೋತಿತು ಎಂದು ನಮ್ಮ ಕಸುಬಿನವರು ಎಣಿಸುತ್ತಾರೆ. ಇಲ್ಲಿ ಕೂಡಲೇ ಹೊರಟುಹೋಗಲಿ ಎಂದೇ ಪುಟ ಕಟ್ಟಿದೆ. ಅಕ್ಷರ ಕಣ್ಣಿಗೆ ಹತ್ತಲಿಲ್ಲ ಎಂಬ ಮಾತು ಕೊರೆಯುತ್ತಿತ್ತು. ಅದಕ್ಕಾಗಿ ಆ ಸಾಲಿನ ಬಾಜುವಿಗೆ ಇನ್ನೊಂದು ದೊಡ್ಡ ಗುಂಡಿ ಇಟ್ಟೆ. ಒತ್ತಿದರೆ ಡಾಕ್ಟರ ದನಿಯಲ್ಲೇ ಆ ದಿನದ ಸಾಲು ಕೇಳಿಸುತ್ತದೆ.

ಜನರಿಗೆ ತೆರೆಯುವ ಮುಂಚೆ ಒಮ್ಮೆ ಪರೀಕ್ಷಿಸಬೇಕಿತ್ತು. ಕೆಂಚಪ್ಪನನ್ನು ಹೇಗೆ ಕೇಳುವುದೆಂದು ನಾನು ಹಿಂಜರಿದೆ. ಡಾಕ್ಟರ್ ಕೇಳಿದರು, ಅವನು ಒಪ್ಪಿದ. ಮಧ್ಯಾಹ್ನದ ಬಿಸಿಲಲ್ಲಿ ಅದೇ ಶೇಂಗಾ ಹೊಲದ ಬದುವಿನ ಮೇಲೆ ನಿಂತು, ಮಣ್ಣಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಗುಂಡಿ ಒತ್ತಿದ.

"ಇವತ್ತ ನಮ್ಮಲ್ಲಿ ಇಂಜೆಕ್ಷನ್ ಇಲ್ರಿ. ಇಲ್ಲಿಗೆ ಬರಬ್ಯಾಡ್ರಿ. ಸೀದಾ ಸರಕಾರಿ ದವಾಖಾನಿಗೆ ಹೋಗ್ರಿ, ತಡಾ ಮಾಡಬ್ಯಾಡ್ರಿ."

ಡಾಕ್ಟರ್ ಅವನ ಪಕ್ಕದಲ್ಲೇ ನಿಂತಿದ್ದರು. ಕೆಂಚಪ್ಪ ಅವರ ಕಡೆ ನೋಡಲಿಲ್ಲ. ಫೋನನ್ನು ಬಾಯಿಯ ಹತ್ತಿರ ತಂದು, "ಹೂನ್ರೀ ಡಾಕ್ಟರ್ ಬಾಯಾರ. ಹೊಂಟೇವ್ರಿ" ಅಂದ.

ಅದು ಮೊದಲೇ ತುಂಬಿಟ್ಟ ದನಿ ಎಂದು ನಾವಿಬ್ಬರೂ ಅವನಿಗೆ ಹೇಳಲಿಲ್ಲ. ಜನರನ್ನು ಕೂಗಿ ಕರೆಯುವ ವಿದ್ಯೆ ನನಗೆ ಮೊದಲೇ ಗೊತ್ತಿತ್ತು. ಕರೆದ ಮೇಲೆ ಬಾಗಿಲಲ್ಲಿ ನಿಂತು ನಿಜ ಹೇಳಬೇಕು, ಬೇಕಾದರೆ ಬೇರೆ ದಾರಿಗೆ ಕಳಿಸಬೇಕು ಎಂಬುದನ್ನು ಆ ಬದುವಿನ ಮೇಲೆ ಕಲಿತೆ. ಆ ಗುಂಡಿ ಈಗಲೂ ಅಲ್ಲೇ ಇದೆ. ಇಂಜೆಕ್ಷನ್ ಇಲ್ಲದ ದಿನ ಒತ್ತಿದವರಲ್ಲಿ ಎಷ್ಟು ಜನ ಆ ದವಾಖಾನೆಗೆ ಬರಲಿಲ್ಲ ಎಂದು ನಾನು ನರ್ಸ್ ಹತ್ತಿರ ಕೇಳಿ ನೋಡುತ್ತಿರುತ್ತೇನೆ.