ಎದ್ದು ಕೂತ ಹೆಣ

ಬೀದಿಯವರೆಲ್ಲ ಅವಳನ್ನು ಹೆಣದಕ್ಕ ಎಂದೇ ಕರೆಯುವುದು. ಅದಕ್ಕೆ ಅವಳಿಗೇನೂ ಮುನಿಸಿಲ್ಲ. ಟಿವಿಯ ಕೊಲೆ ಧಾರಾವಾಹಿಗಳಲ್ಲಿ ಸತ್ತು ಬಿದ್ದಿರುವುದೇ ಅವಳ ಕಸುಬು. ಬಾವಿಯಲ್ಲಿ ಸತ್ತಿದ್ದಾಳೆ, ಮೆಟ್ಟಿಲ ಕೆಳಗೆ ಸತ್ತಿದ್ದಾಳೆ. ಒಮ್ಮೆ ಕಾರಿನ ಡಿಕ್ಕಿಯಲ್ಲಿ ಮಡಚಿಕೊಂಡು ಸತ್ತು, ಕಾಲಿಗೆ ಜೋಮು ಹಿಡಿದು, ಕೊನೆಗೆ ಕೊಲೆಗಾರನ ಹೆಗಲನ್ನೇ ಹಿಡಿದು ಈಚೆ ಬಂದಿದ್ದಾಳೆ.

ಸಾಯುವುದಕ್ಕೂ ಸಾಧನೆ ಬೇಕು. ಮನೆಗೆಲಸ ಮುಗಿದ ಮೇಲೆ ಅವಳು ನೆಲದ ಮೇಲೆ ಮಲಗಿ ಉಸಿರು ಕಟ್ಟುವುದನ್ನು ಕಲಿಯುತ್ತಾಳೆ. ಪುಟ್ಟ ಮಗಳು ಅವಳ ಹೊಟ್ಟೆಯ ಮೇಲೆ ಕಾಗದದ ದೋಣಿ ಇಟ್ಟು ಕಾವಲು ಕೂರುತ್ತಾಳೆ. ದೋಣಿ ಅಲುಗಿದರೆ, "ಅಮ್ಮ, ಬದುಕಿಬಿಟ್ಟೆ!" ಎಂದು ಕೇಕೆ. ಆ ಮಗುವಿನ ಪಾಲಿಗೆ ಸಾವೆಂದರೆ ಅಮ್ಮ ಸ್ವಲ್ಪ ಹೊತ್ತು ಮಾತಾಡದೆ ಇರುವುದು, ಅಷ್ಟೆ. ಅತ್ತೆಗೆ ಇದೆಲ್ಲ ಅಪಶಕುನ. ಆದರೂ ಧಾರಾವಾಹಿ ಶುರುವಾದರೆ ಟಿವಿಯ ಮುಂದೆ ಮೊದಲ ಜಾಗ ಅವರದೇ. "ನೋಡ್ರೇ, ನಮ್ಮ ಸೊಸೆ ಸತ್ಲು!" ಎಂದು ಪಕ್ಕದ ಮನೆಗೂ ಕೇಳುವ ಹಾಗೆ ಸಾರುತ್ತಾರೆ.

ಆ ದಿನ ಒಂದು ಮುಚ್ಚಿದ ಮುದ್ರಣಾಲಯದಲ್ಲಿ ಚಿತ್ರೀಕರಣ. ಮೇಕಪ್ಪಿನ ಹುಡುಗಿ ಅವಳ ಕತ್ತಿನ ಮೇಲೆ ಬೆರಳು ಒತ್ತಿದ ನೀಲಿ ಕಲೆ ಬರೆದಿದ್ದಳು. ಬೆಳಿಗ್ಗೆಯೇ ಅವಳ ಮುಖವನ್ನು ಕ್ಯಾಮೆರಾದಲ್ಲಿ ಹತ್ತಿರದಿಂದ ಸೆರೆಹಿಡಿದಾಗಿತ್ತು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಪಾತ್ರದವನು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಅವಳು ಕಣ್ಣು ಮುಚ್ಚಿ, ಮಗಳ ಹರಿದ ಅಂಗಿಗೆ ಯಾವ ಬಣ್ಣದ ದಾರ ಹೊಂದೀತು ಎಂದು ಯೋಚಿಸುತ್ತಿದ್ದಳು. ಸತ್ತಾಗ ಮನಸ್ಸಿಗೊಂದು ಕೆಲಸ ಕೊಡದಿದ್ದರೆ ಮೂಗು ಕೆರೆಯುತ್ತದೆ.

"ಕತ್ತಲಾದ್ರೂ ಮನೆ ಸೇರದೆ ಅಲೀತಿದ್ಲು," ಎಂದ ಇನ್‌ಸ್ಪೆಕ್ಟರ್. "ಕೊಂದವನು ಯಾರೋ. ಆದ್ರೆ ಸಾವನ್ನ ಕರ್ಕೊಂಡು ಬಂದಿದ್ದು ಇವಳೇ."

ಸುತ್ತ ನಿಂತಿದ್ದ ಪೇದೆಗಳು ತಲೆದೂಗಿದರು.

ಹೆಣ ಎದ್ದು ಕೂತಿತು.

"ಕಟ್! ಏನಮ್ಮ, ಇರುವೆ ಕಚ್ತಾ?" ನಿರ್ದೇಶಕ ಕೂಗಿದ.

"ಇರುವೆ ಅಲ್ಲ ಸರ್, ಮಾತು ಕಚ್ತು. ನಾನೂ ದಿನಾ ಕತ್ತಲಾದ್ಮೇಲೇ ಮನೆಗೆ ಹೋಗೋದು. ಅದೂ ನಿಮ್ಮ ಕೆಲ್ಸ ಮುಗಿಸ್ಕೊಂಡು. ನಾಳೆ ನಂಗೇನಾದ್ರೂ ಆದ್ರೆ ನಾನೇ ಕರ್ಕೊಂಡು ಬಂದೆ ಅಂತೀರಾ?"

ನಿರ್ದೇಶಕ ಕೆಟ್ಟವನಲ್ಲ. ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದ: "ಅದು ನನ್ನ ಮಾತಲ್ಲಮ್ಮ, ಪಾತ್ರದ ಮಾತು. ಅವನು ಒರಟ. ಲೋಕದಲ್ಲಿ ಅಂಥೋರು ಇಲ್ವಾ? ಇರೋದನ್ನ ತೋರಿಸ್ಬಾರ್ದಾ?"

ಅವನ ಮಾತಿನಲ್ಲಿ ನ್ಯಾಯವಿತ್ತು. ಒರಟನ ಬಾಯಲ್ಲಿ ಬೆಣ್ಣೆಯಂಥ ಮಾತು ಆಡಿಸಿದರೆ ಕಥೆ ಕಥೆಯಾಗಿ ಉಳಿಯುವುದಿಲ್ಲ. ಕತ್ತಿನ ನೀಲಿಯನ್ನು ಸವರಿಕೊಂಡು ಅವಳು ಪೇದೆಗಳತ್ತ ನೋಡಿದಳು.

"ತೋರಿಸಿ ಸರ್. ಬೇಡ ಅನ್ನಲ್ಲ. ಆದ್ರೆ ಅವನು ಹಾಗಂದಾಗ ಒಬ್ಬನಾದ್ರೂ 'ಅಲ್ಲ ಸಾರ್' ಅನ್ಬೇಕಲ್ಲ? ಇಷ್ಟು ಜನ ನಿಂತಿದ್ದಾರೆ, ಎಲ್ರೂ ಕೋಲೆ ಬಸವಗಳೇ. ಎದುರುತ್ತರ ಕೊಡಬಹುದಾಗಿದ್ದೋಳು ನಾನೊಬ್ಳು, ನನ್ನ ಕೊಂದು ಮಲಗಿಸಿದ್ದೀರಿ."

ಯಾರೋ ಕಿಸಕ್ಕೆಂದರು. ಇನ್‌ಸ್ಪೆಕ್ಟರ್ ಟೋಪಿ ತೆಗೆದು ಗಾಳಿ ಬೀಸಿಕೊಂಡ. "ಹೀಗಾಡಿದ್ರೆ ಇನ್ಮೇಲೆ ನಿನ್ನ ಯಾರೂ ಕೊಲ್ಲಲ್ಲ ಕಣಮ್ಮ!"

"ಬರೆದಿದ್ದಕ್ಕೆ ಮೇಲಿನವರ ಒಪ್ಪಿಗೆ ಆಗಿದೆ," ಎಂದ ನಿರ್ದೇಶಕ. "ಒಂದಕ್ಷರ ಬದಲಾಯಿಸೋ ಹಾಗಿಲ್ಲ."

"ಹಾಗಾದ್ರೆ ನಾನೂ ಸಾಯೋ ಹಾಗಿಲ್ಲ."

ಕೊನೆಗೆ ಲೈಟಿನವನೊಬ್ಬನನ್ನು ಮಲಗಿಸಿ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿದರು. ಇನ್‌ಸ್ಪೆಕ್ಟರ್ ಅದೇ ಮಾತನ್ನು ಅವನ ಮೇಲೆ ಆಡಿ ಮುಗಿಸಿದ. ಅವಳು ನಲ್ಲಿಯ ಕೆಳಗೆ ಕತ್ತು ಉಜ್ಜಿಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿದಳು.

"ಒಂದು ಮಾತಿಗೋಸ್ಕರ ಅನ್ನಕ್ಕೆ ಕಲ್ಲು ಹಾಕ್ಕೊಂಡ್ಯಾ?" ಅತ್ತೆ ಹಣೆ ಚಚ್ಚಿಕೊಂಡರು. "ಸತ್ತೋಳಿಗೆ ಕಿವಿ ಯಾಕೆ ಬೇಕಿತ್ತೇ?"

"ಸತ್ತೋಳಿಗೆ ಬೇಡ ಅತ್ತೆ. ನಿಮ್ಮ ತೊಡೆ ಮೇಲೆ ಕೂತು ನೋಡೋ ಮೊಮ್ಮಗಳಿಗಿದೆಯಲ್ಲ."

ಆ ಕಂತು ಪ್ರಸಾರವಾದ ಸಂಜೆ ಪರದೆಯ ಮೇಲೆ ಅವಳ ಮುಖ ಬಂತು, ಆಮೇಲೆ ಬಿಳಿ ಬಟ್ಟೆ ಬಂತು, ಆ ಮಾತೂ ಬಂತು. ಅತ್ತೆ ಪಕ್ಕದ ಮನೆಗೆ ಏನನ್ನೂ ಸಾರಲಿಲ್ಲ. ಮೊಮ್ಮಗಳನ್ನು ಎದೆಗೊತ್ತಿಕೊಂಡು, "ಇವನ ಬಾಯಿಗೆ ಮಣ್ಣು ಹಾಕ," ಎಂದಷ್ಟೇ ಗೊಣಗಿದರು.

ಆಮೇಲೆ ಬಹಳ ದಿನ ಫೋನ್ ಬರಲಿಲ್ಲ. ಅವಳು ಪಕ್ಕದ ಬೀದಿಯ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ ಹಿಡಿದಳು. ಗುಂಡಿ ಹಾಕುತ್ತಾ ಕೂತಿದ್ದಾಗಲೇ ಒಂದು ದಿನ ಕಲಾವಿದರನ್ನು ಒದಗಿಸುವ ಏಜೆಂಟನ ಕರೆ ಬಂತು. ಹೊಸ ಧಾರಾವಾಹಿಯಂತೆ.

"ಒಂದು ಹೆಣ ಇದೆಯಮ್ಮ, ಬರ್ತೀಯಾ?"

"ಡೈಲಾಗ್ ಓದಿ ಹೇಳಣ್ಣ."

"ಹೆಣಕ್ಕೆ ಎಂಥ ಡೈಲಾಗು?"

"ಹೆಣದ್ದಲ್ಲ. ಹೆಣದ ಸುತ್ತ ನಿಂತೋರು ಏನಂತಾರೆ, ಅದನ್ನ ಓದು."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕಾದಳು. ಮೆತ್ತಗಾಗಲಿಲ್ಲ, ಫೋನೂ ಇಡಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಹಾಳೆ ಮಗುಚುವ ಸದ್ದು ಕೇಳಿಸಿತು.