ಬಾಗ್‌ಬಜಾರಿನ ಘಾಟಿನಲ್ಲಿ ತಂಗಿ

ನೂಲಹುಣ್ಣಿಮೆ ಕಳೆದ ವಾರ ಅಂಕೋಲೆಯಿಂದ ಬೆಳಗಿನ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟೆ. ಅಲ್ಲಿಂದ ಹೌರಾಕ್ಕೆ ರೈಲು. ಕಲ್ಕತ್ತೆ ನೋಡುವ ಹುಮ್ಮಸ್ಸೇನೂ ನನಗಿರಲಿಲ್ಲ. ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕೆ ಬಂದಿದ್ದ ಬಂಗಾಳಿ ಹುಡುಗನನ್ನು ಮೆಚ್ಚಿ ಮದುವೆಯಾದ ತಂಗಿ ಲಲಿತಾ ಆ ಊರು ಸೇರಿ ಐದು ತಿಂಗಳಾಗಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಫೋನು ತಿಂಗಳಿಂದ ನಿಂತಿತ್ತು. ನಾವು ಮಾಡಿದರೂ ತಾಗುತ್ತಿರಲಿಲ್ಲ. ಅಂಕೋಲೆ ಪಕ್ಕದ ಕೇಣಿಯ ನಮ್ಮ ಮನೆಯಲ್ಲಿ ಹೆತ್ತ ಆಯಿಗೆ ಊಟ ಸೇರುತ್ತಿರಲಿಲ್ಲ. "ಹುಡ್ಗಿ ಸ್ವಲ್ಪ ಬಾಡ್ದಂಗೆ ಕಂಡ್ರೂ ಕರ್ಕಂಡೇ ಬಾ" ಎಂದಿದ್ದಳು. ಬಿಣಗಾದ ಕಾರ್ಖಾನೆಯಲ್ಲಿ ಎಂಟು ದಿನ ರಜೆ ಹಾಕಿ, ವಾಪಸು ಬರಲು ಇಬ್ಬರಿಗೆ ಟಿಕೆಟ್ ತೆಗೆಸಿದ್ದೆ. ರೈಲಿನಲ್ಲಿ ಎರಡು ರಾತ್ರಿಯೂ ಕಣ್ಣು ಮುಚ್ಚಲಿಲ್ಲ.

ಹೌರಾದಲ್ಲಿ ಇಳಿದಾಗ ಜಿಟಿಜಿಟಿ ಮಳೆ, ಜೊತೆಗೆ ಬೆವರು. ನಿಲ್ದಾಣದ ಎದುರೇ ಹೂಗ್ಲಿ ನದಿ. ನಾಲ್ಕು ರೂಪಾಯಿ ಕೊಟ್ಟು, ಲಲಿತಾಳ ಮನೆಯಿದ್ದ ಬಾಗ್‌ಬಜಾರಿನ ಲಾಂಚು ಹತ್ತಿದೆ. ದಡದುದ್ದಕ್ಕೂ ನೀರಿಗಿಳಿಯುವ ಮೆಟ್ಟಿಲಿನ, ಕಂಬಸಾಲಿನ ಹಳೆಯ ಘಾಟುಗಳು, ಗೋಡೆಯಲ್ಲೇ ಅರಳಿ ಗಿಡ ಹುಟ್ಟಿದ ದೊಡ್ಡ ದೊಡ್ಡ ಮನೆಗಳು, ಒಂದು ಓಣಿಯ ಬಾಯಲ್ಲಿ ಇನ್ನೂ ಬಣ್ಣ ಕಾಣದ ಮಣ್ಣಿನ ದುರ್ಗೆಯರು. ಎಲ್ಲ ಕಂಡೆ, ಯಾವುದೂ ಮನಸ್ಸಿಗೆ ಹತ್ತಲಿಲ್ಲ.

ಘಾಟಿನ ಮೆಟ್ಟಿಲು ಹತ್ತಿದರೆ ಮೀನು ಮಾರುವವರ ಸಾಲು. ಕೊಳ್ಳಲು ಬಂದ ಒಬ್ಬಳು ಕುಕ್ಕರಗಾಲಲ್ಲಿ ಕೂತು, ಮೀನಿನ ಕಿವಿರು ಎತ್ತಿ ನೋಡಿ, "ಟಾಟ್ಕಾ ನೊಯ್!" ಎಂದು ಗದರುತ್ತಿದ್ದಳು. ತಾಜಾ ಅಲ್ಲ ಎಂಬ ಅರ್ಥ ಆಮೇಲೆ ತಿಳಿಯಿತು. ಮಾತು ಬಂಗಾಳಿ, ಗದರುವ ರಾಗ ಮಾತ್ರ ಕೇಣಿಯದು. ಅವಳ ತಲೆಗೆ ಮಳೆ ತಾಗದಂತೆ ಬಿಳಿಸೀರೆಯ ಮುದುಕಿಯೊಬ್ಬಳು ಛತ್ರಿ ಹಿಡಿದು ನಿಂತಿದ್ದಳು.

"ಲಲಿತಾ!"

"ಅಣ್ಣಾ? ಎಂತಾ ಹಿಂಗೆ, ಹೇಳ್ದೆ ಕೇಳ್ದೆ? ಆಯಿಗೆ ಆರಾಮಲ್ವಾ?"

"ಆಯಿ ಆರಾಮದೆ. ಫೋನ್ ಯಾಕೆ ಮಾಡ್ಲಿಲ್ಲ ನೀನು?"

"ಮಳೆನೀರು ಹೊಕ್ಕಿ ಇಡೀ ಓಣಿ ಫೋನ್ ಸತ್ತದೆ ಮಾರಾಯಾ. ಇವ್ರೇ ನನ್ನ ಅತ್ತೆ, ಮೊನ್ನೆವರೆಗೂ ಜ್ವರ, ಅವ್ರನ್ನ ಬಿಟ್ಟು ದೂರದ ಫೋನ್ ಬೂತಿಗೆ ಹೋಗೂಕಾಗ್ಲಿಲ್ಲ. ಎರಡು ಕಾಗ್ದ ಬರ್ದಿದ್ದೆ, ಬರ್ಲಿಲ್ವಾ?"

ಬಂದಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮುದುಕಿ ನನ್ನ ಮುಖ ನೋಡಿ ಏನೋ ಅಂದಳು. ಲಲಿತಾ ನಕ್ಕಳು: "ನೀನು ಬಾಡಿ ಹೋಗಿದ್ದಿಯಂತೆ."

ಮಧ್ಯಾಹ್ನ ಸಾಸಿವೆ ಅರೆದು ಹಾಕಿದ ಹಿಲ್ಸಾ ಮೀನು. ಸಂಜೆ ಲಲಿತಾಳ ಗಂಡ ನಮ್ಮನ್ನು ದೂರದ ಬೂತಿಗೆ ಕರೆದೊಯ್ದ. ಮಗಳ ಜೊತೆ ಮಾತಾಡಿ ಅತ್ತು ಮುಗಿಸಿದ ಮೇಲೆ ಆಯಿ ನನ್ನನ್ನು ಕೇಳಿದಳು: "ಅಲ್ಲಿ ಎಂತಾ ಮೀನು ಸಿಗ್ತದೋ?" ಮರುದಿನ ಲಲಿತಾಳ ಟಿಕೆಟ್ ರದ್ದು ಮಾಡಿಸಿ, ಆ ಓಣಿಗಳನ್ನೆಲ್ಲ ನೆಮ್ಮದಿಯಿಂದ ಸುತ್ತಿದೆ.

ನಾನು ಹೊರಡುವ ದಿನ ಅತ್ತೆ ಸೊಸೆ ಇಬ್ಬರೂ ಘಾಟಿಗೆ ಬಂದರು. ಲಾಂಚು ನಡುನೀರಿಗೆ ಬಂದಾಗ ತಿರುಗಿ ನೋಡಿದೆ. ಲಲಿತಾ ಅತ್ತೆಯ ತೋಳು ಹಿಡಿದು, ಏನೋ ಹೇಳುತ್ತ, ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದಳು. ಮನೆಯ ಕಡೆ ಹೊರಟವಳು ಹಿಂತಿರುಗಿ ನೋಡಲಿಲ್ಲ.